ಸೊಂಟದ ಲೆಕ್ಕ: ಉರಯಾಸು, ಮೈಸೂರು ಮತ್ತು 85 ಸೆಂಟಿಮೀಟರ್



ಆರೋಗ್ಯದ ಬಗ್ಗೆ ಪ್ರಧಾನ ಭಾಷಣ ಮಾಡಿ ಎಂದು ಸಂಚಾಲಕರು ಫೋನ್ ಮಾಡಿದಾಗ ನಾನು ಎರಡು ತಕರಾರು ತೆಗೆದೆ. ನಾನು ಡಾಕ್ಟರ್ ಅಲ್ಲ, ಚಾರ್ಟರ್ಡ್ ಅಕೌಂಟೆಂಟ್. ಮತ್ತೆ, ನನ್ನ ಹೊಟ್ಟೆ ನೋಡಿದವರು ಯಾರೂ ನನ್ನ ಮಾತು ನಂಬುವುದಿಲ್ಲ. ಅವರು ನಕ್ಕು, "ಅದಕ್ಕೇ ಸಾರ್ ನಿಮ್ಮನ್ನು ಕೇಳಿದ್ದು. ಸಣ್ಣಗಿರೋರು ಹೇಳಿದರೆ ನಮ್ಮ ಜನ ಕೇಳಲ್ಲ" ಅಂದರು. ಹಾಗಾಗಿ ಇಲ್ಲಿ ನಿಂತಿದ್ದೇನೆ. ವೈದ್ಯಕೀಯ ಸಲಹೆ ಕೊಡುವ ಅರ್ಹತೆ ನನಗಿಲ್ಲ. ಹಳೆಯ ಲೆಕ್ಕ ತೆಗೆದು ಓದುವುದು ನನ್ನ ಕಸುಬು, ಅದನ್ನೇ ಮಾಡುತ್ತೇನೆ.

ಕಥೆ ಶುರುವಾಗುವುದು 2024ರಲ್ಲಿ, ಕಂಪನಿಯ ವಾರ್ಷಿಕ ಆರೋಗ್ಯ ತಪಾಸಣೆಯಲ್ಲಿ. ಇಲ್ಲಿ ನೌಕರಿ ಮಾಡುವ ಎಲ್ಲರಿಗೂ ಈ ಕೆಂಕೊ ಶಿಂದಾನ್ ಗೊತ್ತು. 1972ರ ಕಾರ್ಮಿಕ ಸುರಕ್ಷತೆ ಮತ್ತು ಆರೋಗ್ಯ ಕಾಯ್ದೆಯ ಪ್ರಕಾರ ಕಂಪನಿ ಇದನ್ನು ಮಾಡಿಸಲೇಬೇಕು. ನನಗೆ ಆಗ 44. ನರ್ಸ್ ಟೇಪು ಹಿಡಿದು ಬಂದರು. ನನ್ನ ಪ್ಯಾಂಟಿನ ಅಳತೆ 34 ಇಂಚು, ಅಂದರೆ 86 ಸೆಂಟಿಮೀಟರ್ ಚಿಲ್ಲರೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ ಧೈರ್ಯವಾಗಿ ನಿಂತಿದ್ದೆ. ಅವರು ಪ್ಯಾಂಟಿನ ಹತ್ತಿರವೂ ಹೋಗಲಿಲ್ಲ. ಹೊಕ್ಕುಳಿನ ಮಟ್ಟಕ್ಕೆ ಟೇಪು ಸುತ್ತಿ, "ಉಸಿರು ಬಿಡಿ" ಅಂದರು. ಬಿಟ್ಟೆ. 93 ಬಂತು.

ನಮ್ಮ ಗಂಡಸರು ಬಹಳ ಮಂದಿ ಇಲ್ಲೇ ಮೋಸ ಹೋಗುತ್ತೇವೆ. ಹೊಟ್ಟೆ ಬೆಳೆದ ಹಾಗೆ ಬೆಲ್ಟು ಕೆಳಗೆ ಇಳಿಯುತ್ತದೆ. ಪ್ಯಾಂಟಿನ ಅಳತೆ ಇಪ್ಪತ್ತು ವರ್ಷ ಒಂದೇ ಇರುತ್ತದೆ. ಆಸ್ತಿಯ ಮೌಲ್ಯವನ್ನು ಖರೀದಿ ದರದಲ್ಲೇ ತೋರಿಸಿಕೊಂಡು ಬಂದ ಹಾಗೆ.

ಎತ್ತರ 170, ತೂಕ 78, ಸೊಂಟ 93, ಜೊತೆಗೆ ಸಕ್ಕರೆಯ ಮೂರು ತಿಂಗಳ ಸರಾಸರಿ 5.9, ಟ್ರೈಗ್ಲಿಸರೈಡ್ 190. ವರದಿಯಲ್ಲಿ ಸೊಂಟದ ಅಂಕಿಯ ಪಕ್ಕದಲ್ಲಿ ಮಿತಿ 85 ಎಂದು ಅಚ್ಚಾಗಿತ್ತು. ಮಾರ್ಗದರ್ಶನಕ್ಕೆ ಬನ್ನಿ ಎಂಬ ಚೀಟಿಯೂ ಬಂತು. ಅಂಕಿ ಎದುರಾದರೆ ಅದರ ವೋಚರ್ ಹುಡುಕುವುದು ನನ್ನ ಚಾಳಿ. ಈ 85 ಎಲ್ಲಿಂದ ಬಂತು? ಅದು ನನ್ನ ಮೈಗೆ ಅನ್ವಯಿಸುತ್ತದೆಯೇ? ಅದನ್ನು ಹುಡುಕುತ್ತಾ ಹೋಗಿ ಮೊದಲು ಸಿಕ್ಕಿದ್ದು ನಾನು ಬಾಡಿಗೆಗಿರುವ ಈ ಊರೇ.

ಉರಯಾಸು ಅಂದರೆ ನಮ್ಮ ಊರಿನವರಿಗೆ ಡಿಸ್ನಿಲ್ಯಾಂಡ್. ಅದು ತೆರೆದದ್ದು 1983ರ ಏಪ್ರಿಲ್‌ನಲ್ಲಿ. ಅದಕ್ಕೂ ಮೊದಲು ಇದು ಮೀನುಗಾರರ ಊರು. 1889ರಲ್ಲಿ ಹೊರಿಯೆ, ನೆಕೊಝಾನೆ, ತೋದೈಜಿಮಾ ಎಂಬ ಮೂರು ಹಳ್ಳಿ ಸೇರಿ ಉರಯಾಸು ಆಯಿತು. ಚಿಪ್ಪುಮೀನು ಮತ್ತು ನೋರಿ, ಅಂದರೆ ಕಡಲ ಪಾಚಿ, ಇವೆರಡೇ ಊರಿನ ಬದುಕು. ನಗರಸಭೆಯ ಸ್ಥಳೀಯ ವಸ್ತುಸಂಗ್ರಹಾಲಯಕ್ಕೆ ನೀವು ಮಕ್ಕಳನ್ನು ಕರೆದುಕೊಂಡು ಹೋಗಿರಬಹುದು. 1952ರ ಸುಮಾರಿನ ಕೇರಿಯನ್ನು ಅಲ್ಲಿ ಹಾಗೆಯೇ ಕಟ್ಟಿಟ್ಟಿದ್ದಾರೆ. ಒಬ್ಬನೇ ಕೂತು ನೋರಿ ಕೀಳುವ ಬೆಕಾ ಎಂಬ ಚಪ್ಪಟೆ ದೋಣಿಗಳೂ ಇವೆ. ಟೋಕಿಯೊ ಕೊಲ್ಲಿಯ ಆಳವಿಲ್ಲದ ನೀರಿನಲ್ಲಿ ಚಿಪ್ಪು ಬಾಚುವವರು ಹಲ್ಲಿರುವ ಬುಟ್ಟಿಯ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು ಹಿಂದಕ್ಕೆ ಹಿಂದಕ್ಕೆ ನಡೆಯುತ್ತಿದ್ದರು. ಬುಟ್ಟಿಯನ್ನು ಎಳೆಯುತ್ತಿದ್ದದ್ದು ಸೊಂಟ. ಆ ಸೊಂಟಕ್ಕೆ ಟೇಪು ಹಿಡಿಯುವ ಯೋಚನೆ ಯಾರಿಗೂ ಬಂದಿರಲಿಕ್ಕಿಲ್ಲ.

1958ರಲ್ಲಿ ಎದೋ ನದಿಯ ಮೇಲ್ಭಾಗದ ಕಾಗದದ ಕಾರ್ಖಾನೆಯೊಂದು ಬಿಟ್ಟ ಕಪ್ಪು ನೀರಿಗೆ ಚಿಪ್ಪು ಸತ್ತವು. ಜೂನ್ ತಿಂಗಳಲ್ಲಿ ಮೀನುಗಾರರು ಕಾರ್ಖಾನೆಗೆ ನುಗ್ಗಿ ಪೊಲೀಸರ ಏಟು ತಿಂದರು. ಜಪಾನಿನ ಮೊದಲ ಜಲಮಾಲಿನ್ಯ ಕಾಯ್ದೆಗಳು ಆ ವರ್ಷವೇ ಬಂದವು. ಆದರೆ ಕಡಲು ಚೇತರಿಸಿಕೊಳ್ಳಲಿಲ್ಲ. 1962ರಲ್ಲಿ ಮೀನುಗಾರಿಕೆಯ ಹಕ್ಕಿನ ಒಂದು ಭಾಗವನ್ನು, 1971ರಲ್ಲಿ ಪೂರ್ತಿ ಹಕ್ಕನ್ನು ಪರಿಹಾರ ಪಡೆದು ಬಿಟ್ಟುಕೊಟ್ಟರು. ಸಮುದ್ರ ತುಂಬಿಸಿ ನೆಲ ಮಾಡಿದರು. ಸುಮಾರು ನಾಲ್ಕೂವರೆ ಚದರ ಕಿಲೋಮೀಟರ್ ಇದ್ದ ಊರು ಸುಮಾರು 17 ಆಯಿತು. ಈಗ ನಾವು ಕೂತಿರುವ ಜಾಗವೂ ಆಗ ನೀರೇ. ನಡುವೆ 1969ರಲ್ಲಿ ತೊಝೈ ರೈಲು ಬಂತು. ದೋಣಿ ನಡೆಸುತ್ತಿದ್ದವರ ಮಕ್ಕಳು ಅದೇ ರೈಲು ಹತ್ತಿ ಟೋಕಿಯೊದ ಕುರ್ಚಿಗಳಿಗೆ ಹೋದರು. ಎರಡು ಸ್ಟೇಷನ್ ಆಚೆ ನಿಶಿ ಕಸಾಯ್‌ನಲ್ಲಿ, 2000ದ ಹೊತ್ತಿಗೆ, ಅದೇ ರೈಲಿನ ಅನುಕೂಲ ನೋಡಿ ನಮ್ಮವರೂ ಮನೆ ಮಾಡಿದರು.

ನನ್ನ ಮನೆತನದ ಕಥೆಯೂ ಇಷ್ಟೇ. ಕಡಲಿನ ಜಾಗದಲ್ಲಿ ಹೊಲ ಇಟ್ಟುಕೊಳ್ಳಿ. ತಾತನಿಗೆ ಗುಬ್ಬಿ ತಾಲೂಕಿನಲ್ಲಿ ಖುಷ್ಕಿ ಜಮೀನು. ಮೂರು ಹೊತ್ತೂ ಮುದ್ದೆ, ಸೊಪ್ಪಿನ ಸಾರು ಅಥವಾ ಹುರುಳಿ ಬಸ್ಸಾರು. ಅನ್ನ ಹಬ್ಬಕ್ಕೆ, ಇಲ್ಲ ನೆಂಟರು ಬಂದಾಗ. ಅವರ ಮುದ್ದೆಯ ಗಾತ್ರ ಹೇಳಿದರೆ ನನ್ನ ಮಕ್ಕಳು ನಂಬುವುದಿಲ್ಲ. ಕುಂಟೆ ಹೊಡೆದು, ಕಳೆ ಕಿತ್ತು, ಕಣದಲ್ಲಿ ರೋಣಗಲ್ಲಿನ ಹಿಂದೆ ಸುತ್ತಿ ಅದನ್ನೆಲ್ಲ ಸಂಜೆಯೊಳಗೆ ಖರ್ಚು ಮಾಡುತ್ತಿದ್ದರು. ಅಜ್ಜಿ ಬೀಸೋಕಲ್ಲಿನ ಮುಂದೆ ಕೂತು ಹಿಟ್ಟು ಮಾಡುತ್ತಿದ್ದರು. ಆ ಊಟವನ್ನು ತಯಾರಿಸುವುದಕ್ಕೇ ಅರ್ಧ ಊಟ ಖರ್ಚಾಗುತ್ತಿತ್ತು. ಅಪ್ಪ ಮೇಷ್ಟ್ರು. ಸೈಕಲ್ಲು, ಮಧ್ಯಾಹ್ನ ಅನ್ನ, ರಾತ್ರಿ ಮುದ್ದೆ. ನಾನು ಬೆಂಗಳೂರಿನಲ್ಲಿ ಆರ್ಟಿಕಲ್‌ಶಿಪ್ ಮಾಡಿದವನು. ಮಾರ್ಚ್ ತಿಂಗಳ ಆಡಿಟ್, ರಾತ್ರಿ ಹತ್ತಕ್ಕೆ ಮಸಾಲೆದೋಸೆ, ಮತ್ತೆ ಲೆಡ್ಜರ್. ಮೂರೇ ತಲೆಮಾರು.

ಬಿಳಿ ಅನ್ನದ ಮೇಲಿನ ಆಸೆಯಲ್ಲೂ ಎರಡು ಊರಿಗೆ ನಂಟಿದೆ. ಎದೋ ಕಾಲದಲ್ಲಿ ಹಳ್ಳಿಯಿಂದ ರಾಜಧಾನಿಗೆ ಬಂದು ಪಾಲಿಶ್ ಮಾಡಿದ ಅಕ್ಕಿ ಉಂಡವರಿಗೆ ಕಾಲು ಜೋಮು ಹಿಡಿದು, ಊದಿ, ಎದೆ ನಿಂತು ಸಾಯುವ ಕಾಯಿಲೆ ಬರುತ್ತಿತ್ತು. ಎದೋ ರೋಗ ಎಂದೇ ಅದಕ್ಕೆ ಹೆಸರು. ಇನ್ನೊಂದು ಹೆಸರು ಕಕ್ಕೆ. ನಮ್ಮ ಹಳದಿ ಹೂವಿನ ಕಕ್ಕೆ ಮರಕ್ಕೂ ಅದಕ್ಕೂ ಸಂಬಂಧವಿಲ್ಲ. ಇಂಗ್ಲಿಷಿನವರ ಬೆರಿಬೆರಿ. ನೌಕಾಪಡೆಯ ವೈದ್ಯ ತಕಾಕಿ ಕಾನೆಹಿರೊ ಹಡಗುಗಳ ಊಟದ ಲೆಕ್ಕ ನೋಡಿದ. 1882-83ರಲ್ಲಿ ರ್‍ಯೂಜೋ ಎಂಬ ಹಡಗಿನ 376 ಜನರಲ್ಲಿ 169 ಮಂದಿಗೆ ಕಾಯಿಲೆ ಬಂದು 25 ಜನ ಸತ್ತಿದ್ದರು. 1884ರಲ್ಲಿ ತ್ಸುಕುಬಾ ಹಡಗನ್ನು ಅದೇ ದಾರಿಯಲ್ಲಿ, ಊಟ ಮಾತ್ರ ಬದಲಿಸಿ ಕಳಿಸಿದ. ಕಕ್ಕೆಯಿಂದ ಒಬ್ಬನೂ ಸಾಯಲಿಲ್ಲ. ಆಮೇಲೆ ನೌಕಾಪಡೆ ಅಕ್ಕಿಗೆ ಬಾರ್ಲಿ ಬೆರೆಸಿತು. ಕಾರಣ ಪ್ರೋಟೀನಿನ ಕೊರತೆ ಎಂದು ಅವನು ತಿಳಿದದ್ದು ತಪ್ಪು, ವಿಟಮಿನ್ ಎಂಬ ಮಾತೇ ಆಗ ಇರಲಿಲ್ಲ. ಲೆಕ್ಕ ಮಾತ್ರ ಸರಿಯಾಗಿತ್ತು. ಭೂಸೇನೆಯ ವೈದ್ಯರು ಒಪ್ಪಲಿಲ್ಲ. ಸೈನಿಕನಿಗೆ ಬಿಳಿ ಅನ್ನ ಕೊಡುವುದೇ ಗೌರವ ಎಂಬ ಭಾವನೆ ಬೇರೆ. 1904-05ರ ರಷ್ಯಾ ಯುದ್ಧದಲ್ಲಿ ಸುಮಾರು 27 ಸಾವಿರ ಸೈನಿಕರು ಕಕ್ಕೆಯಿಂದ ಸತ್ತರು.

ನಮ್ಮಲ್ಲಿ ಈ ಜಗಳವನ್ನು ಹದಿನಾರನೇ ಶತಮಾನದಲ್ಲೇ ಕನಕದಾಸರು ಕಾವ್ಯ ಮಾಡಿಟ್ಟಿದ್ದಾರೆ. ರಾಮಧಾನ್ಯ ಚರಿತೆಯಲ್ಲಿ ಭತ್ತಕ್ಕೂ ರಾಗಿಗೂ ಯಾರು ದೊಡ್ಡವರೆಂದು ವಾದವಾಗುತ್ತದೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಹೊರಗೆ ತೆಗೆದಾಗ ಭತ್ತ ಕಳೆಗುಂದಿರುತ್ತದೆ, ರಾಗಿ ಹಾಗೆಯೇ ಇರುತ್ತದೆ. ತೀರ್ಪು ರಾಗಿಯ ಕಡೆಗಾದರೂ ಸಮಾಜದ ತೀರ್ಪು ಬದಲಾಗಲಿಲ್ಲ. ನಮ್ಮ ಮನೆಗೆ ನೆಂಟರು ಬಂದಾಗ ಅಜ್ಜಿ ಮುದ್ದೆ ಮುಚ್ಚಿಟ್ಟು ಅನ್ನಕ್ಕೆ ಇಡುತ್ತಿದ್ದರು. ಇದನ್ನು ತಪ್ಪು ಎಂದು ಹೇಳಲು ನನಗೆ ಬಾಯಿಲ್ಲ. ಹಸಿದ ನೆನಪಿರುವವರಿಗೆ ಬಿಳಿ ಅನ್ನ ಅಂದರೆ ಗೆದ್ದ ಹಾಗೆ. ಆ ಗೆಲುವನ್ನು ದಿನಕ್ಕೆ ಮೂರು ಸಲ ಆಚರಿಸಿದ್ದು ಮಾತ್ರ ನಮ್ಮ ತಲೆಮಾರು.

ಈಗ 85ಕ್ಕೆ ಬರುತ್ತೇನೆ. ಚರ್ಮದ ಕೆಳಗಿನ ಕೊಬ್ಬಿಗಿಂತ ಕರುಳಿನ ಸುತ್ತ ಕೂರುವ ಒಳಕೊಬ್ಬು ಹೆಚ್ಚು ಕೆಡುಕು ಮಾಡುತ್ತದೆ ಎಂದು ಒಸಾಕಾ ವಿಶ್ವವಿದ್ಯಾಲಯದ ಮತ್ಸುಝಾವಾ ಯೂಜಿ ಮತ್ತು ಜೊತೆಗಾರರು ಸಿ.ಟಿ. ಚಿತ್ರಗಳಿಂದ ತೋರಿಸಿದರು. ಹೊಕ್ಕುಳಿನ ಮಟ್ಟದ ಚಿತ್ರದಲ್ಲಿ ಒಳಕೊಬ್ಬು 100 ಚದರ ಸೆಂಟಿಮೀಟರ್ ದಾಟಿದರೆ ಅಪಾಯ ಎಂದು ಗೆರೆ ಎಳೆದರು. ಎಲ್ಲರನ್ನೂ ಸಿ.ಟಿ.ಗೆ ಹಾಕಲಾಗದು. ಆ 100ಕ್ಕೆ ಟೇಪಿನಲ್ಲಿ ಎಷ್ಟು ಸಮ ಎಂದು ನೋಡಿದಾಗ ಜಪಾನಿ ಗಂಡಸರಲ್ಲಿ 85, ಹೆಂಗಸರಲ್ಲಿ 90 ಬಂತು. 2005ರಲ್ಲಿ ಎಂಟು ವೈದ್ಯ ಸಂಘಗಳು ಸೇರಿ ಇದನ್ನು ಮಾನದಂಡ ಮಾಡಿದವು. ಮೆಟಾಬೊ ಎಂಬ ಮಾತು ಟಿ.ವಿ.ಯಲ್ಲಿ, ಕುಡಿಯುವ ಅಂಗಡಿಗಳಲ್ಲಿ, ಗೆಳೆಯರನ್ನು ರೇಗಿಸುವಲ್ಲಿ ಓಡಾಡತೊಡಗಿತು. 2008ರ ಏಪ್ರಿಲ್‌ನಿಂದ 40ರಿಂದ 74ರ ವಯಸ್ಸಿನ ಎಲ್ಲರ ಸೊಂಟ ಅಳೆಯುವುದು ಆರೋಗ್ಯ ವಿಮಾ ಸಂಸ್ಥೆಗಳ ಕರ್ತವ್ಯವಾಯಿತು.

ಜಪಾನಿನಲ್ಲಿ ದಪ್ಪಗಿದ್ದರೆ ದಂಡ ಹಾಕುತ್ತಾರಂತೆ ಎಂದು ಊರಿನಿಂದ ಕೇಳುವವರಿದ್ದಾರೆ. ಹಾಗಿಲ್ಲ. ನಿಮಗೂ ನನಗೂ ಒಂದು ಯೆನ್ ದಂಡವಿಲ್ಲ. ಗುರಿ ಮುಟ್ಟದ ವಿಮಾ ಸಂಸ್ಥೆ ವೃದ್ಧರ ವೈದ್ಯಕೀಯ ನಿಧಿಗೆ ಕೊಡುವ ವಂತಿಗೆಯನ್ನು ಶೇಕಡಾ 10ರವರೆಗೆ ಏರಿಸಬಹುದು, ಮುಟ್ಟಿದವರಿಗೆ ಇಳಿಸಬಹುದು ಎಂದು ಕಾನೂನಿನಲ್ಲಿ ಇಟ್ಟರು. ಕೋಟ್ಯಂತರ ಜನರ ಸೊಂಟ ಹೀಗೆ ಲೆಕ್ಕಪುಸ್ತಕದ ಒಂದು ಸಾಲಾಯಿತು. ನನ್ನ ಕಸುಬಿನವನಿಗೆ ಇದು ಒಂದು ಕ್ಷಣ ಸಂತೋಷ ಕೊಟ್ಟಿತು.

ಫಲಿತಾಂಶ ನೋಡಿದಾಗ ಸಂತೋಷ ಇಳಿಯಿತು. 85ಕ್ಕೆ ಸ್ವಲ್ಪ ಮೇಲಿದ್ದು ಮಾರ್ಗದರ್ಶನಕ್ಕೆ ಕರೆ ಬಂದವರನ್ನೂ ಸ್ವಲ್ಪ ಕೆಳಗಿದ್ದು ಬರದವರನ್ನೂ ಹೋಲಿಸಿ, ಹತ್ತಾರು ಸಾವಿರ ಗಂಡಸರ ದಾಖಲೆಗಳ ಮೇಲೆ ಮಾಡಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. 84.8 ಮತ್ತು 85.2ರ ಮನುಷ್ಯರ ನಡುವೆ ಬೇರೆ ವ್ಯತ್ಯಾಸ ಇರುವುದಿಲ್ಲ, ಆದ್ದರಿಂದ ಇದು ಒಳ್ಳೆಯ ಆಡಿಟ್. ಒಂದು ವರ್ಷದ ನಂತರ ತೂಕದಲ್ಲಿ ಕಂಡ ವ್ಯತ್ಯಾಸ 0.29 ಕೆ.ಜಿ. ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್‌ನಲ್ಲಿ ಗುರುತಿಸುವಂಥ ಸುಧಾರಣೆ ಇರಲಿಲ್ಲ. ಕರೆ ಬಂದವರಲ್ಲಿ ಬಹುಪಾಲು ಜನ ಮಾರ್ಗದರ್ಶನಕ್ಕೆ ಹೋಗಿಯೇ ಇರಲಿಲ್ಲ ಎಂಬುದೂ ಅದರಲ್ಲಿದೆ. ಚೀಟಿ ಕಳಿಸಿದ ಮಾತ್ರಕ್ಕೆ ಸೊಂಟ ಇಳಿಯುವುದಿಲ್ಲ.

ಇನ್ನು ನನ್ನ ಎರಡನೇ ಪ್ರಶ್ನೆ: ಈ ಮಿತಿ ಕನ್ನಡಿಗನ ಮೈಗೆ ಹೊಂದುತ್ತದೆಯೇ? ಅದಕ್ಕೆ ಉತ್ತರ ಸಿಕ್ಕಿದ್ದು ಮೈಸೂರಿನಲ್ಲಿ.

ಮೈಸೂರಿನವರು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಹೆರಿಗೆ ಮಾಡಿಸಿದವರು ರಿಜಿಸ್ಟರಿನಲ್ಲಿ ಬರೆದಿಟ್ಟಿದ್ದರು. ಯಾರಿಗೆ ಬೇಕು ಎಂದು ತೂಕಕ್ಕೆ ಹಾಕದೆ ಉಳಿಸಿದ್ದೇ ದೊಡ್ಡ ಮಾತು. ಆ ರಿಜಿಸ್ಟರುಗಳನ್ನು ಹಿಡಿದು, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಇನ್ನೂ ಸುತ್ತಮುತ್ತ ವಾಸವಾಗಿದ್ದ 517 ಜನರನ್ನು ಪತ್ತೆಮಾಡಿ ಹೃದಯ ಪರೀಕ್ಷಿಸಿದರು. ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರೂ ಮೈಸೂರಿನ ವೈದ್ಯರೂ ಕೂಡಿ ಮಾಡಿದ ಕೆಲಸ. 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹುಟ್ಟಿದಾಗ ಎರಡೂವರೆ ಕೆ.ಜಿ. ಅಥವಾ ಕಡಿಮೆ ಇದ್ದವರಲ್ಲಿ ಶೇಕಡಾ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. 3.1 ಕೆ.ಜಿ. ಅಥವಾ ಹೆಚ್ಚು ಇದ್ದವರಲ್ಲಿ ಶೇಕಡಾ 3. ಅಮ್ಮಂದಿರು ಅರೆಹೊಟ್ಟೆಯಲ್ಲಿ ಹೊತ್ತು ಹೆತ್ತದ್ದು ನಲವತ್ತು, ಐವತ್ತು ವರ್ಷದ ನಂತರ ಮಕ್ಕಳ ಎದೆಯಲ್ಲಿ ಕಾಣಿಸಿತು. ನನ್ನ ಮೈಯ ಪುಸ್ತಕದಲ್ಲಿ ಆರಂಭಿಕ ಶಿಲ್ಕು ಸೊನ್ನೆ ಎಂದು ನಾನು ತಿಳಿದಿದ್ದೆ. ಆ ಪ್ರಬಂಧ ಓದಿದ ರಾತ್ರಿ ಅಮ್ಮನಿಗೆ ಫೋನ್ ಮಾಡಿ, ನಾನು ಹುಟ್ಟಿದಾಗ ಎಷ್ಟು ತೂಕ ಇದ್ದೆ ಅಂತ ಕೇಳಿದೆ. "ತೂಕ ಯಾರು ನೋಡಿದ್ರಪ್ಪಾ, ಅಂಗೈ ಅಗಲ ಇದ್ದೆ" ಅಂದರು.

2004ರಲ್ಲಿ ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ಜೊತೆಯಾಗಿ ನಿಂತ ಒಂದು ಫೋಟೋ ಅದೇ ಲ್ಯಾನ್ಸೆಟ್ಟಿನಲ್ಲಿ ಬಂತು. ಇಬ್ಬರ ಬಿ.ಎಂ.ಐ. ಒಂದೇ, 22.3. ಮೈಯ ಕೊಬ್ಬು ಯುಡ್ಕಿನ್ ಅವರದು ಶೇಕಡಾ 9.1, ಯಾಜ್ಞಿಕ್ ಅವರದು 21.2. ತೆಳ್ಳಗೆ ಕಾಣುತ್ತೇವೆ, ಒಳಗೆ ಕೊಬ್ಬು ಇಟ್ಟುಕೊಳ್ಳುತ್ತೇವೆ. ಇಂಥ ಪುರಾವೆಗಳ ಮೇಲೆ 2009ರಲ್ಲಿ ಭಾರತೀಯರಿಗೆ ಪ್ರತ್ಯೇಕ ಮಿತಿ ಬಂತು. ಬಿ.ಎಂ.ಐ. 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. ಸೊಂಟ ಗಂಡಸರಿಗೆ 90, ಹೆಂಗಸರಿಗೆ 80.

ಸಭೆಯಲ್ಲಿರುವ ಅಕ್ಕತಂಗಿಯರು ದಯವಿಟ್ಟು ಈ ಒಂದು ಅಂಕಿ ಗಮನಿಸಬೇಕು. ಇಲ್ಲಿನ ತಪಾಸಣೆಯಲ್ಲಿ ಹೆಂಗಸರ ಮಿತಿ 90. ಗಂಡಸರಿಗಿಂತ ಹೆಂಗಸರಿಗೆ ಸಡಿಲ ಮಿತಿ ಇಟ್ಟದ್ದಕ್ಕೆ ಹೊರದೇಶದ ವೈದ್ಯರಿಂದ ಟೀಕೆ ಬಂದಿದೆ. ನಮ್ಮ ಮಿತಿ 80. ಸೊಂಟ 86, ಬಿ.ಎಂ.ಐ. 24 ಇರುವ ಕನ್ನಡದ ಹೆಣ್ಣುಮಗಳಿಗೆ ಇಲ್ಲಿನ ವರದಿ ಈ ಎರಡು ಸಾಲಿನಲ್ಲಿ ಏನೂ ತೊಂದರೆಯಿಲ್ಲ ಎಂದೇ ಹೇಳುತ್ತದೆ. ನಮ್ಮ ಲೆಕ್ಕದಲ್ಲಿ ಎರಡೂ ಮಿತಿ ಮೀರಿವೆ.

ನಾನು ಏನು ಮಾಡಿದೆ ಎಂಬುದಕ್ಕೆ ಹೆಚ್ಚು ಹೊತ್ತು ಬೇಡ. ಮಾರ್ಗದರ್ಶನಕ್ಕೆ ಹೋದೆ. 2024ರ ಏಪ್ರಿಲ್‌ನಿಂದ ಅಲ್ಲಿ ನಿಯಮ ಬದಲಾಗಿತ್ತು. ಮೊದಲು ಎಷ್ಟು ಸಲ ಭೇಟಿ, ಎಷ್ಟು ನಿಮಿಷ ಮಾತು ಎಂದು ಅಂಕ ಕೂಡಿ 180 ಮಾಡಬೇಕಿತ್ತು. ಈಗ ಸೊಂಟ 2 ಸೆಂಟಿಮೀಟರ್, ತೂಕ 2 ಕೆ.ಜಿ. ಇಳಿಸಿದರೆ ಅದೊಂದಕ್ಕೇ 180. ಒಂದು ಕೆ.ಜಿ. ಮೈಕೊಬ್ಬಿಗೆ ಸುಮಾರು 7,000 ಕ್ಯಾಲೊರಿ ಎಂದು ಇಲ್ಲಿ ಲೆಕ್ಕ ಹಿಡಿಯುತ್ತಾರೆ. 2 ಕೆ.ಜಿ.ಗೆ 14,000. 90 ದಿನಕ್ಕೆ ಹಂಚಿದರೆ ದಿನಕ್ಕೆ 155. ಅಂದರೆ 100 ಗ್ರಾಂ ಅನ್ನ, ನಾವು ಮಜ್ಜಿಗೆಗೆ ಅಂತ ಕೊನೆಯಲ್ಲಿ ಹಾಕಿಸಿಕೊಳ್ಳುವಷ್ಟು. ಕೂತು ಲೆಕ್ಕ ಹಾಕಿದವನಿಗೆ ನಾಚಿಕೆಯಾಯಿತು.

ಹೆಮ್ಮೆಯಿಂದ ನಿಶಿ ಕಸಾಯ್‌ನ ಅಂಗಡಿಯಿಂದ ರಾಗಿಹಿಟ್ಟು ತಂದೆ. ಅಲ್ಲೂ ಒಂದು ಭ್ರಮೆ ಬಿಟ್ಟಿತು. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಅಕ್ಕಿಯಲ್ಲಿ 355. ದೊಡ್ಡ ಅಂತರವಲ್ಲ. ನಾರು ಮಾತ್ರ 11 ಗ್ರಾಂ, ಅಕ್ಕಿಯಲ್ಲಿ 3ಕ್ಕಿಂತ ಕಡಿಮೆ; ಹಾಗಾಗಿ ಹೊಟ್ಟೆ ಬೇಗ ತುಂಬುತ್ತದೆ. ತಾತನ ಗಾತ್ರದ ಮುದ್ದೆಯನ್ನು ಕುಂಟೆ ಹೊಡೆಯದೆ ಉಂಡರೆ ಅದೂ ಸೊಂಟಕ್ಕೇ ಜಮೆ. ಹಾಗಾಗಿ ಕಿತ್ತಳೆ ಗಾತ್ರದ ಒಂದು ಮುದ್ದೆ, ಎರಡು ಸೌಟು ಸೊಪ್ಪು, ಕಾಳು. ಅನ್ನ ಮಧ್ಯಾಹ್ನ ಮಾತ್ರ. ಕೊರೊನಾ ಬಂದಾಗಿನಿಂದ ಮನೆಯಿಂದಲೇ ಕೆಲಸ ಮಾಡಿ ನನ್ನ ನಡಿಗೆ ದಿನಕ್ಕೆ 2,000 ಹೆಜ್ಜೆಗೆ ಇಳಿದಿತ್ತು. ಆಫೀಸಿಗೆ ಹೋಗುವ ದಿನ, ಸ್ಟೇಷನ್ ಮೆಟ್ಟಿಲುಗಳ ಪುಣ್ಯದಿಂದ, 8,000. 10,000 ಆಗಲಿಲ್ಲವಲ್ಲ ಎಂದು ಕೊರಗಬೇಡಿ. ಆ ಅಂಕಿ 1965ರಲ್ಲಿ ಟೋಕಿಯೊ ಒಲಿಂಪಿಕ್ಸ್ ಮುಗಿದ ಹುರುಪಿನಲ್ಲಿ ಇಲ್ಲಿನ ಒಂದು ಕಂಪನಿ ಮಾರಿದ ಹೆಜ್ಜೆ ಎಣಿಸುವ ಯಂತ್ರದ ಹೆಸರು, ಮಾಂಪೊ ಕೇ. ವಾರಕ್ಕೆ ಎರಡು ದಿನ ಇದ್ದ ಆಫೀಸನ್ನು ನಾನೇ ಕೇಳಿ ನಾಲ್ಕು ದಿನ ಮಾಡಿಸಿಕೊಂಡೆ. ಮ್ಯಾನೇಜರು ನನ್ನನ್ನು ವಿಚಿತ್ರವಾಗಿ ನೋಡಿದರು.

ಮೂರು ತಿಂಗಳಿಗೆ 78 ಇದ್ದದ್ದು 75 ಆಯಿತು, ಸೊಂಟ 90. ಊರಿಗೆ ತಂಗಿಯ ಮದುವೆಗೆ ಹೋಗಿ ಬಂದಾಗ 2 ಕೆ.ಜಿ. ವಾಪಸ್ಸು ಬಂತು. ಒಂದು ವರ್ಷದ ಕೊನೆಗೆ 74, ಸೊಂಟ 89, ಸಕ್ಕರೆ 5.6. ಭಾರತದ ಗೆರೆಯ ಒಳಗೆ, ಜಪಾನಿನ ಗೆರೆಯ ಹೊರಗೆ. ವೀಸಾದ ಹಾಗೆ.

ಕೊನೆಗೆ ಒಂದು ತಪ್ಪೊಪ್ಪಿಗೆ. ಈ ತಪಾಸಣೆ ನೌಕರರಿಗಷ್ಟೇ ಇರುವುದಲ್ಲ. ಅವರ ವಿಮೆಯಲ್ಲಿ ಅವಲಂಬಿತರಾಗಿರುವ ಗಂಡ ಅಥವಾ ಹೆಂಡತಿಗೂ 40 ತುಂಬಿದ ಮೇಲೆ ಇದೆ. ಕಂಪನಿ ಅವರನ್ನು ಕರೆದುಕೊಂಡು ಹೋಗುವುದಿಲ್ಲ. ಜುಶಿನ್ಕೆನ್ ಎಂಬ ಚೀಟಿ ಬರುತ್ತದೆ, ಎಲ್ಲ ಜಪಾನಿ ಅಕ್ಷರ. ನನ್ನ ಹೆಂಡತಿಯ ಚೀಟಿಯನ್ನು ಪಿಜ್ಜಾ ಅಂಗಡಿಯ ಕಾಗದಗಳ ಜೊತೆ ಎರಡು ವರ್ಷ ಕಸಕ್ಕೆ ಹಾಕಿದವನು ನಾನೇ. ನನ್ನ ಸೊಂಟದ ಚರಿತ್ರೆಗೆ ಎದೋ ಕಾಲದವರೆಗೆ ಹೋದವನಿಗೆ ಅಂಚೆಪೆಟ್ಟಿಗೆ ಕಾಣಲಿಲ್ಲ. ಈ ವರ್ಷ ಅವಳೇ ಫೋನ್ ಮಾಡಿ ದಿನ ಗೊತ್ತು ಮಾಡಿಕೊಂಡಿದ್ದಾಳೆ. ನಿಮ್ಮಲ್ಲಿ ಯಾರಿಗಾದರೂ ಆ ಚೀಟಿ ಓದಲು ಬರದಿದ್ದರೆ ಫೋಟೋ ತೆಗೆದು ನಮ್ಮ ಸಂಘದ ಸ್ವಯಂಸೇವಕರಿಗೆ ತೋರಿಸಿ, ಯಾರಾದರೂ ಓದಿ ಹೇಳುತ್ತಾರೆ.

ಊಟದ ಕೋಣೆಯ ಬಾಗಿಲಲ್ಲಿ ಪರದೆ ಕಟ್ಟಿ ಎರಡು ಟೇಪು ಇಟ್ಟಿದ್ದೇವೆ, ಒಂದು ಕಡೆ ಗಂಡಸರು, ಇನ್ನೊಂದು ಕಡೆ ಹೆಂಗಸರು. ಹೊಕ್ಕುಳಿನ ಮಟ್ಟಕ್ಕೆ, ಉಸಿರು ಬಿಟ್ಟು. ಇವತ್ತು ಒಬ್ಬಟ್ಟಿದೆ ಎಂದು ಕೇಳಿದೆ, ಆದ್ದರಿಂದ ಊಟಕ್ಕೆ ಮೊದಲೇ ಅಳೆಸಿಕೊಳ್ಳಿ.